ಪಂಚ ನಂಬರ್ ಎರಡು

ಠಾಣೆಯ ಎದುರು ಅಂಗಡಿ ಇಡಬೇಡ ಅಂದಿದ್ದ ಅಪ್ಪ.
ಬಾಡಿಗೆ ಕಡಿಮೆ ಇತ್ತು, ಇಟ್ಟೆ.
ಗಡಿಯಾರ ರಿಪೇರಿ. ಬಲಗಣ್ಣಿಗೆ ಮಸೂರ,
ಚಿಮಟದ ತುದಿಗೆ ಎಳ್ಳಿಗಿಂತ ಸಣ್ಣ ತಿರುಪು.
ರಸ್ತೆ ದಾಟಿದರೆ ಕಾರವಾರ ಶಹರ ಠಾಣೆ.

"ಅಣ್ವೇಕರ್, ಎರಡು ಸಹಿ ಇದೆ, ಬಂದು ಹೋಗು."
ಹವಾಲ್ದಾರ ಇಟಗಿ ಕರೆಯುವುದು ಚಹಾಕ್ಕೆ ಕರೆದಂತೆ.
ಚಹವೂ ಇರುತ್ತದೆ.
ಮಾಜಾಳಿ ಗೇಟಿನಲ್ಲಿ ಹಿಡಿದ ಗೋವಾ ಬಾಟಲಿ,
ಕೋಡಿಬಾಗದ ಓಸಿ ಚೀಟಿ,
ಸದಾಶಿವಗಡದಲ್ಲಿ ಕಳುವಾದ ನೀರಿನ ಪಂಪು,
ಎಲ್ಲ ನನ್ನ ಸಮಕ್ಷಮ.
ನಾನು ನೋಡಿದ್ದು ಟೇಬಲ್ಲು, ಪೆನ್ನು,
ಬೆರಳಿಟ್ಟು ತೋರಿಸಿದ ಖಾಲಿ ಜಾಗ.
ಹನ್ನೆರಡು ವರ್ಷದಲ್ಲಿ ನಲವತ್ತೊಂದು ಸಲ
ಎಲ್ಲೆಲ್ಲೋ ಹಾಜರಿದ್ದೆ,
ಈ ರಸ್ತೆಯ ಆಚೀಚೆ ಬಿಟ್ಟು ಎಲ್ಲೂ ಹೋಗದೆ.

ಆ ಚಾಕು ಮಾತ್ರ ನೋಡಿದೆ.
ಧಕ್ಕೆಯಲ್ಲಿ ಯಾರೋ ಯಾರಿಗೋ ಇರಿದಿದ್ದರು.
ಮೇಲಿನಿಂದ ಫೋನು, ಸೋಮವಾರದೊಳಗೆ ಒಬ್ಬ ಬೇಕಿತ್ತು.
ಹಳೆ ಪೇಪರಿನ ಮೇಲೆ ಹೊಸ ಚಾಕು,
ಹಿಡಿಗೆ ಅಂಟಿದ ಬೆಲೆಚೀಟಿ: ಎಂಬತ್ತು ರೂಪಾಯಿ.
"ನಿನ್ನ ಉಗುರು ಚೂಪು, ಅದನ್ನೊಂದು ಕಿತ್ತುಬಿಡು."
ಕಿತ್ತೆ. ಗೋಂದು ಉಳಿಯಿತು.
ಅಂಗಡಿಯಿಂದ ಪೆಟ್ರೋಲು ತಂದು ಒರೆಸಿಯೂ ಕೊಟ್ಟೆ.
ಕೆಲಸ ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ.

ಮೂಲೆಯಲ್ಲಿ ಉಮಾಕಾಂತ ಹರಿಕಂತ್ರ ಕೂತಿದ್ದ,
ಅಂಗಾಲು ನೆಲಕ್ಕೆ ತಾಗದಂತೆ ಎತ್ತಿಕೊಂಡು.
ಎರಡು ರಾತ್ರಿ ಆಗಿತ್ತಂತೆ. ಬರೆದದ್ದು ಎರಡು ತಾಸು.
ಅವನ ಹೇಳಿಕೆಗೆ ಕಾಗದದಲ್ಲಿ ಒಂದು ಹೆಸರಿದೆ:
ಸ್ವಖುಷಿ.
ಇಷ್ಟು ಚೆಂದದ ಶಬ್ದ
ಯಾರ ಬಾಯಲ್ಲಿ ಹುಟ್ಟಿತೋ, ಯಾರ ಅಂಗಾಲಲ್ಲೋ.

ಸದರಿ ಆರೋಪಿಯು ಸ್ವಖುಷಿಯಿಂದ ಮುಂದೆ ಮುಂದೆ ನಡೆದು
ಬೈತಖೋಲ ಧಕ್ಕೆಯ ಹಿಂದಿನ ಕರಿಬಂಡೆಯ ಬುಡದಲ್ಲಿ
ಮರಳು ಕೆದರಿ ತಾನೇ ತೆಗೆದು ಹಾಜರುಪಡಿಸಿದ್ದು,
ಬೆಳಿಗ್ಗೆ ೧೧ ಗಂಟೆ ೧೫ ನಿಮಿಷದಿಂದ ೧೨ ಗಂಟೆಯವರೆಗೆ.
ಓದಿ ಹೇಳಿ ಕೇಳಿದ್ದು ಸರಿ ಇದೆ.

ಯಾರೂ ಓದಲಿಲ್ಲ. ಯಾರೂ ಹೇಳಲಿಲ್ಲ.
ನಾನು ಕೇಳಲಿಲ್ಲ.

ಕೋರ್ಟಿನಲ್ಲಿ: ಈ ಸಹಿ ನಿಮ್ಮದೆ?
ನನ್ನದೇ ಸ್ವಾಮಿ.
ಇಡೀ ಕಡತದಲ್ಲಿ ಅದೊಂದು ನಿಜ,
ಪ್ರಮಾಣ ಮಾಡಿ ಹೇಳಿದೆ.
ಪಾಟೀಸವಾಲಿಗೆ ಎದ್ದ ವಕೀಲರು ಸರಕಾರ ಕೊಟ್ಟವರು,
ಪಾಪ, ಅವರಿಗೆ ಆ ದಿನ ಇನ್ನೂ ಏಳು ಕೇಸು.
ಠಾಣೆಯಲ್ಲೇ ಕೂತು ಸಹಿ ಮಾಡಿದ್ದೀರಿ ಎಂದರೆ?
ಸರಿಯಲ್ಲ.
ಅವರು ಕೂತರು.

ಮರುದಿನ ಅವನ ತಾಯಿ ಶೇವಂತಿ ಬಂದಳು,
ದಿನಾ ಬರುವ ಹೊತ್ತಿಗೆ, ಬುಟ್ಟಿ ಹೊತ್ತು.
ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಆಗುತ್ತಿತ್ತು.
ಹತ್ತು ಬಂಗಡೆ ಎಣಿಸಿದಳು,
ಯಾವತ್ತಿನಂತೆ ಮೇಲೊಂದು.
ಗೋಡೆಯ ಗಡಿಯಾರಗಳನ್ನು ನೋಡಿದಳು,
ಒಂದೊಂದೂ ಒಂದೊಂದು ವೇಳೆ.
"ಅವತ್ತು ಅಮಾಸೆ, ಅಣ್ವೇಕರಾ.
ಹನ್ನೊಂದೂಕಾಲಿಗೆ ತುಂಬು ಭರತಿ.
ಆ ಕಲ್ಲಿನ ಬುಡದಲ್ಲಿ ನನ್ನ ಎದೆಮಟ್ಟ ನೀರು.
ಯಾವ ಮರಳು ಕೆದರಿದ ನನ್ನ ಹುಡುಗ?"
ದುಡ್ಡು ಎಣಿಸಿ ಸೊಂಟಕ್ಕೆ ಸಿಕ್ಕಿಸಿ ಹೋದಳು.
ಮೀನು ಟೇಬಲ್ಲಿನ ಮೇಲೆ, ಚಕ್ರಗಳ ನಡುವೆ,
ಸಂಜೆಯವರೆಗೆ ಕಣ್ಣು ತೆರೆದೇ ಇತ್ತು.

ಉಮಾಕಾಂತನಿಗೆ ಏಳು ವರ್ಷ.
ಅಪೀಲು ಧಾರವಾಡದಲ್ಲಿದೆ, ಯಾವುದೋ ಗಂಟಿನ ಕೆಳಗೆ.
ನಾನೀಗ ಬಂದರಿನಿಂದ ಭರತಿ-ಇಳಿತದ ತಖ್ತೆ ತಂದು
ಗಡಿಯಾರಗಳ ಪಕ್ಕ ಅಂಟಿಸಿದ್ದೇನೆ.
ಮೂವತ್ತು ವರ್ಷ ಹೊತ್ತು ಸರಿಪಡಿಸಿದವನಿಗೆ
ಓದಲು ಇನ್ನೂ ಬೆರಳು ಬೇಕು.

ನಿನ್ನೆ ಇಟಗಿ ಮತ್ತೆ ಬಾಗಿಲಲ್ಲಿ. "ಒಂದೇ ಸಹಿ."
ಮಸೂರ ತೆಗೆಯದೆ ಕೇಳಿದೆ:
ಜಾಗ ಯಾವುದು? ತಿಥಿ ಯಾವುದು?
"ಯಾಕೆ, ಮನೆಯಲ್ಲಿ ಮದುವೆ ಇದೆಯೇನೋ?"
ನಕ್ಕ. ಪೆನ್ನು ಚಾಚಿಯೇ ಇತ್ತು.

ನಾನು ಸ್ಟೂಲಿನಿಂದ ಏಳಲಿಲ್ಲ.
ಅದು ಧೈರ್ಯವೋ, ಬರೀ ಮಂಡಿನೋವೋ,
ನನಗಿನ್ನೂ ಗೊತ್ತಾಗಿಲ್ಲ.